ಜನವರಿ ಬೇಡ, ಜುಲೈನಲ್ಲಿ ಹೊರಡಿ

ನಮಸ್ಕಾರ. ಶಿರಸಿಯಿಂದ ಅಪ್ಪ-ಅಮ್ಮನ ಜೊತೆ ಜನವರಿಯಲ್ಲಿ ಹತ್ತು ದಿನ ಇಂಡೋನೇಷ್ಯಾ. ಸುಮಾತ್ರಾ, ಜಾವಾ, ಬಾಲಿ ಮೂರೂ ಆಗುತ್ತದಾ, ಸಸ್ಯಾಹಾರ ಸಿಗುತ್ತದಾ ಅಂತ ಕೇಳಿದ್ದೀರಿ.

ಸುಮಾತ್ರಾ ಬಿಟ್ಟುಬಿಡಿ. 17,000ಕ್ಕೂ ಹೆಚ್ಚು ದ್ವೀಪಗಳ ದೇಶ, ಓಡಾಟದಲ್ಲೇ ಹಿರಿಯರು ಸುಸ್ತಾಗುತ್ತಾರೆ. ಜನವರಿಯಲ್ಲಿ ಜಾವಾ, ಬಾಲಿ ಎರಡೂ ಕಡೆ ಜೋರು ಮಳೆ. ನಮ್ಮಲ್ಲಿ ಮಳೆ ಸುರಿಯುವ ಜುಲೈನಲ್ಲಿ ಅಲ್ಲಿ ಬಿಸಿಲು. ಅಡಿಕೆ ತೋಟ ಇದೆ ಅಂದಿದ್ದೀರಿ; ಮೊದಲ ಸಲದ ಕೊಳೆರೋಗದ ಔಷಧಿ ಹೊಡೆಸಿ ಹೊರಡಿ. ಜನವರಿಯ ಕೊಯ್ಲಿನ ಗಡಿಬಿಡಿಯೂ ತಪ್ಪುತ್ತದೆ, ಅಲ್ವಾ?

ಜಾವಾದ ಯೋಗ್ಯಕರ್ತಾ ನಗರದಲ್ಲಿ ನಾಲ್ಕು ದಿನ ಇರಿ, ಉಳಿದದ್ದು ಬಾಲಿ. ಯೋಗ್ಯಕರ್ತಾ ಹತ್ತಿರದ ಪ್ರಂಬನಾನ್ ದೇವಸ್ಥಾನ 9ನೇ ಶತಮಾನದ್ದು. ಶಿವನ ಗುಡಿಗೆ ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಲ್ಲಿನಲ್ಲಿ ಕೆತ್ತಿದ ರಾಮಾಯಣ ಸಾಲಾಗಿ ಸಿಗುತ್ತದೆ, ಮುಂದಿನ ಕಥೆ ಪಕ್ಕದ ಬ್ರಹ್ಮನ ಗುಡಿಯಲ್ಲಿ. ಯಕ್ಷಗಾನ ನೋಡಿ ಬೆಳೆದ ನಿಮ್ಮ ಅಪ್ಪನಿಗೆ ಗೈಡ್ ಬೇಕಾಗುವುದಿಲ್ಲ. ಮೆಟ್ಟಿಲು ಮಾತ್ರ ಕಡಿದು, ನಿಧಾನ ಹತ್ತಿಸಿ.

ಊಟಕ್ಕೆ ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ ಗಟ್ಟಿ), ತೋಫು (ಸೋಯಾ ಹಾಲಿನ ಪನೀರ್), ಅನ್ನ ಎಲ್ಲ ಕಡೆ ಇದೆ. ಆದರೆ ಸಂಬಲ್ ಅನ್ನೋ ಖಾರದ ಚಟ್ನಿಗೆ ಹೆಚ್ಚಾಗಿ ತೆರಾಸಿ ಹಾಕುತ್ತಾರೆ, ಅಂದರೆ ಸಿಗಡಿ ಅರೆದ ಮುದ್ದೆ. ಕಾರವಾರದವನಾದ ನನಗೆ ಅದು ಇಷ್ಟ, ನಿಮ್ಮ ಮನೆಯವರಿಗೆ ಆಗಲಿಕ್ಕಿಲ್ಲ. 'ತನ್ಪಾ ತೆರಾಸಿ' ಅಂತ ಮೊದಲೇ ಹೇಳಿ, ತೆರಾಸಿ ಹಾಕದೆ ಕೊಡುತ್ತಾರೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿದೆಯಾ ಅಂತ ಈಗಲೇ ನೋಡಿಕೊಳ್ಳಿ.