ಮಗ್ಗಿ ಬರುತ್ತದೆ, ಗುಣಾಕಾರ ಬರುವುದಿಲ್ಲ

ಪ್ರಶ್ನೆ: ನಾಲ್ಕನೇ ತರಗತಿಯ ಮಗಳಿಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ. ಆದರೂ ಹೇಳಿಕೆಯ ಲೆಕ್ಕ ಕೊಟ್ಟರೆ ‘ಕೂಡಬೇಕೋ, ಗುಣಿಸಬೇಕೋ’ ಎಂದು ಕೇಳುತ್ತಾಳೆ. ಇನ್ನಷ್ಟು ಮಗ್ಗಿ ಹೇಳಿಸಬೇಕೇ?

ಉತ್ತರ: ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ‘ಇನ್ನಷ್ಟು ಮಗ್ಗಿ’ ಎಂಬ ಮದ್ದೂ ಜೊತೆಗೇ ಬರುತ್ತದೆ. ಮಗ್ಗಿ ನೆನಪಿನ ಕೆಲಸ. ಯಾವಾಗ ಗುಣಿಸಬೇಕು ಎಂಬುದು ಬೇರೆಯದೇ ತಿಳಿವಳಿಕೆ. ನಾಲ್ಕು ತಟ್ಟೆ, ಒಂದೊಂದರಲ್ಲಿ ಆರು ಗೋಲಿ ಎಂದರೆ ಮಗು ಮೊದಮೊದಲು ಒಂದೊಂದೇ ಎಣಿಸುತ್ತದೆ. ಆಮೇಲೆ ಆರು, ಹನ್ನೆರಡು, ಹದಿನೆಂಟು ಎನ್ನುತ್ತ, ಎಷ್ಟನೇ ತಟ್ಟೆ ಎಂಬುದಕ್ಕೆ ಬೆರಳು ಮಡಚುತ್ತದೆ. ಅಲ್ಲಿ ಎರಡು ಎಣಿಕೆಗಳು ಒಟ್ಟಿಗೆ ನಡೆಯುತ್ತಿವೆ! ಆರು ಗೋಲಿ ಸೇರಿ ಒಂದು ಗುಂಪು ಎಂದು ಹೊಳೆಯುವುದೇ ಗುಣಾಕಾರದ ಮೊಳಕೆ. ಬೆರಳು ಮಡಚಿದ್ದಕ್ಕೆ ಗದರಿಸುವವರು ಅದನ್ನೇ ಚಿವುಟುತ್ತಾರೆ.

ಮುಂದೆ ಚುಕ್ಕಿಗಳ ಸಾಲು ಬರೆಯಿಸಿ. ಏಳು ಸಾಲು, ಸಾಲಿಗೆ ಎಂಟು. ಹಾಳೆ ತಿರುಗಿಸಿದರೆ ಎಂಟು ಸಾಲು, ಸಾಲಿಗೆ ಏಳು, ಒಟ್ಟು ಅಷ್ಟೇ. ಐದನೇ ಸಾಲಿನ ಕೆಳಗೆ ಗೆರೆ ಎಳೆದರೆ ಮೇಲೆ 40, ಕೆಳಗೆ 16. ಮಗ್ಗಿ ಮರೆತರೂ 56 ಸಿಕ್ಕಿತು. ಇಷ್ಟಾದ ಮೇಲೆ ಬಾಯಿಪಾಠ ಮಾಡಿಸಿ, ನನ್ನ ತಕರಾರಿಲ್ಲ.

ಭಾಗಾಕಾರದಲ್ಲಿ ಗೊಂದಲ ಹೆಚ್ಚು, ಏಕೆಂದರೆ ಅಲ್ಲಿರುವುದು ಎರಡು ಪ್ರಶ್ನೆ. 24 ಗೋಲಿಗಳನ್ನು ಆರು ಮಂದಿಗೆ ಹಂಚಿದರೆ ಒಬ್ಬರಿಗೆ ಎಷ್ಟು? ಒಬ್ಬರಿಗೆ ಆರರಂತೆ ಕೊಟ್ಟರೆ ಎಷ್ಟು ಮಂದಿಗೆ ಸಾಲುತ್ತದೆ? ಎರಡಕ್ಕೂ ಉತ್ತರ ನಾಲ್ಕೇ. ಆದರೆ ಮೊದಲನೆಯದರಲ್ಲಿ ಮಗು ಒಂದೊಂದಾಗಿ ಹಂಚುತ್ತದೆ, ಎರಡನೆಯದರಲ್ಲಿ ಆರಾರು ತೆಗೆದಿಡುತ್ತದೆ. ಹಂಚುವುದನ್ನಷ್ಟೇ ಕಲಿತ ಮಗುವಿಗೆ 6 ÷ ½ ಅರ್ಥವಾಗುವುದಿಲ್ಲ: ಅರ್ಧ ಮನುಷ್ಯನಿಗೆ ಹಂಚುವುದು ಹೇಗೆ? ‘ಆರರಲ್ಲಿ ಎಷ್ಟು ಅರ್ಧಗಳಿವೆ’ ಎಂದು ಕೇಳಿದರೆ ಹನ್ನೆರಡು ಎನ್ನುತ್ತದೆ.

ಇನ್ನು, ‘ಒಟ್ಟು ಎಂದಿದ್ದರೆ ಕೂಡು, ಪ್ರತಿ ಎಂದಿದ್ದರೆ ಗುಣಿಸು’ ಎಂದು ಹೇಳಿಕೊಡುವವರಿದ್ದಾರೆ. ಪ್ರತಿ ಡಬ್ಬಿಯಲ್ಲಿ 5 ಪೆನ್ಸಿಲ್, ಒಟ್ಟು 30 ಪೆನ್ಸಿಲ್, ಡಬ್ಬಿಗಳೆಷ್ಟು? ಎರಡೂ ಪದಗಳಿವೆ, ಮಾಡಬೇಕಾದ್ದು ಮಾತ್ರ ಭಾಗಾಕಾರ. ನಿಮ್ಮ ಮಗಳ ‘ಕೂಡಬೇಕೋ, ಗುಣಿಸಬೇಕೋ’ ಬಹುಶಃ ಇಂಥವರದೇ ಕೊಡುಗೆ.

ಪ್ರಶ್ನೆ: ಗುಣಿಸಿದರೆ ಸಂಖ್ಯೆ ದೊಡ್ಡದಾಗಲೇಬೇಕಲ್ಲವೇ?

ಉತ್ತರ: 8 × 0.5 ಎಷ್ಟು? ಮತ್ತೆ ಮತ್ತೆ ಕೂಡುವುದೇ ಗುಣಾಕಾರ ಎಂಬ ಮೊದಲ ಕಲ್ಪನೆ ಗಟ್ಟಿಯಾಗಿ ಕೂತು, ಇಂಥ ನಂಬಿಕೆಯನ್ನು ಬೆಳೆಸುತ್ತದೆ ಎಂದು ಗಣಿತ ಕಲಿಕೆಯ ಸಂಶೋಧಕ ಫಿಶ್‌ಬೈನ್ ಮತ್ತು ಸಂಗಡಿಗರು 1985ರಲ್ಲೇ ವಾದಿಸಿದ್ದಾರೆ.

ಪ್ರಶ್ನೆ: ಹತ್ತರಿಂದ ಗುಣಿಸಲು ಕೊನೆಗೊಂದು ಸೊನ್ನೆ ಹಾಕಿದರೆ ಸಾಲದೇ?

ಉತ್ತರ: 2.5ಕ್ಕೆ ಹಾಕಿ ನೋಡಿ.

ಪ್ರಶ್ನೆ: ಕೆಲವೇ ದಿನಗಳಲ್ಲಿ ಮಿಂಚಿನ ವೇಗದ ಲೆಕ್ಕ ಕಲಿಸುತ್ತಾರಂತೆ. ಸೇರಿಸಲೇ?

ಉತ್ತರ: ಆ ತರಗತಿ ಮುಗಿಸಿದ ಮಗುವೊಂದನ್ನು ಮೊದಲು ಕೇಳಿ: 27 ಮಕ್ಕಳು, ಒಂದು ದೋಣಿಗೆ ಆರು ಮಂದಿ, ದೋಣಿಗಳೆಷ್ಟು ಬೇಕು? ‘ನಾಲ್ಕು, ಶೇಷ ಮೂರು’ ಎಂದರೆ ದುಡ್ಡು ಉಳಿಸಿಕೊಳ್ಳಿ.