ಬಾಕಿ ಬಿದ್ದ ಅಧ್ಯಾಯಗಳು

ಇವರನ್ನು ಕರುಣಾ ಎಂದು ಕರೆಯೋಣ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಲವತ್ತು ದಾಟಿದ ಮಹಿಳೆ, ಧಾರವಾಡದ ಕಡೆಯ ಪ್ರೊಟೆಸ್ಟಂಟ್ ಕ್ರೈಸ್ತ ಮನೆತನ. ಸಹಕಾರಿ ಸಂಘವೊಂದರಲ್ಲಿ ಸಾಲ ವಸೂಲಾತಿಯ ಲೆಕ್ಕ ನೋಡಿಕೊಳ್ಳುತ್ತಾರೆ. ಆಗಸ್ಟಿನಲ್ಲಿ ನನ್ನ ಬಳಿ ಸಲಹೆ ಕೇಳಲು ಬಂದವರು ಕುಳಿತೊಡನೆ, "ಅಕ್ಕಾ, ಆರು ತಿಂಗಳಿಂದ ಕರ್ತನ ಭೋಜನ ತೆಗೆದುಕೊಂಡಿಲ್ಲ. ಕೈ ಚಾಚಲು ನಾಚಿಕೆಯಾಗುತ್ತದೆ" ಎಂದರು. ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದೇ ಕರ್ತನ ಭೋಜನ.

ಚೀಲದಿಂದ ಸತ್ಯವೇದ (ಬೈಬಲ್) ತೆಗೆದು ಕೊನೆಯ ಖಾಲಿ ಹಾಳೆ ತೋರಿಸಿದರು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬಂದು ಬರೆದ ನಿರ್ಣಯಗಳು, ನಾಲ್ಕು ವರ್ಷದವು. ಶಾಯಿ ಬೇರೆ, ಪಟ್ಟಿ ಅದೇ: ವರ್ಷದೊಳಗೆ ಸತ್ಯವೇದ ಪೂರ್ತಿ ಓದುವುದು, ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ, ಶುಕ್ರವಾರ ಉಪವಾಸ, ಸಿಟ್ಟು ಬಿಡುವುದು, ಹೀಗೆ ಹನ್ನೊಂದು. ಚಿಕ್ಕಂದಿನಲ್ಲಿ ಯೌವನಸ್ಥರ ಶಿಬಿರದಲ್ಲಿ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಬಗ್ಗೆ ಕೇಳಿದ್ದರಂತೆ. ಆತ 1722–23ರಲ್ಲಿ, ಇಪ್ಪತ್ತು ತುಂಬುವ ಮೊದಲೇ, 70 ನಿರ್ಣಯ ಬರೆದಿದ್ದ. "ನನ್ನಿಂದ ಹನ್ನೊಂದೂ ಆಗಲಿಲ್ಲ." ದೇವರ ಸಹಾಯವಿಲ್ಲದೆ ತನ್ನಿಂದ ಏನೂ ಆಗದೆಂದು ಆತ ಆ ಪಟ್ಟಿಯ ತಲೆಯ ಮೇಲೆಯೇ ಬರೆದುಕೊಂಡಿದ್ದನ್ನು ಶಿಬಿರದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಂಕಿಗಳಿದ್ದವು. ಬಾಕಿ 14. ಬಾಕಿ 37. ಬಾಕಿ 61. ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರೂಕಾಲು. ಮೊದಲೆರಡು ಪುಸ್ತಕಗಳಾದ ಆದಿಕಾಂಡ, ವಿಮೋಚನಕಾಂಡಗಳ 90 ಅಧ್ಯಾಯಗಳನ್ನು ಜನವರಿಯಲ್ಲಿ ಮುಗಿಸಿ, ಫೆಬ್ರವರಿ ಮೊದಲ ವಾರ ಯಾಜಕಕಾಂಡದ 13ನೇ ಅಧ್ಯಾಯದಲ್ಲಿ, ಚರ್ಮರೋಗದ ವಿಧಿಗಳ ನಡುವೆ, ನಿಂತಿದ್ದರು. ಒಂದು ಭಾನುವಾರ ರಾತ್ರಿ ಬಾಕಿ ತೀರಿಸಲು ಇಪ್ಪತ್ತು ಅಧ್ಯಾಯ ಓದಿದರಂತೆ. ಕಣ್ಣು ಓಡಿತು, ಒಂದು ಮಾತೂ ಒಳಗಿಳಿಯಲಿಲ್ಲ. ಆಮೇಲೆ ಪುಸ್ತಕ ಮುಟ್ಟಲೇ ಭಯ.

ನಿದ್ದೆ, ಊಟ, ಕೆಲಸದ ಬಗ್ಗೆ ವಿಚಾರಿಸಿದೆ. ಎಲ್ಲವೂ ಸರಿಯಾಗಿದ್ದವು. ಪಾಪದ ಚಿಂತೆಯೇ ದಿನವಿಡೀ ಸುತ್ತುತ್ತಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಇವರಿಗೆ ಅದರ ಅಗತ್ಯ ಕಾಣಲಿಲ್ಲ.

ಎರಡನೇ ಭೇಟಿಯಲ್ಲಿ ಅವರು ಓದಿ ಮುಗಿಸಿದ್ದ ಭಾಗವನ್ನೇ ತೆರೆದೆ, ವಿಮೋಚನಕಾಂಡ 16. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಮನ್ನ ಎಂಬ ಆಹಾರ ಬಿದ್ದಾಗ ಅವರವರ ಊಟಕ್ಕೆ ಬೇಕಾದಷ್ಟನ್ನು ಆಯಾ ದಿನವೇ ಕೂಡಿಸಬೇಕಿತ್ತು. ಮರುದಿನಕ್ಕೆ ಉಳಿಸಿದ್ದು ಹುಳ ಬಿದ್ದು ನಾರಿತು. "ನಿನ್ನೆ ಕೂಡಿಸದವನು ಇವತ್ತು ಎರಡು ಪಾಲು ಕೂಡಿಸಬೇಕೆಂದು ಎಲ್ಲಿಯಾದರೂ ಇದೆಯೇ?" ಎಂದು ಕೇಳಿದೆ. ಅವರು ಮತ್ತೊಮ್ಮೆ ಓದಿದರು. ಇಲ್ಲ ಎಂದರು. ಅಂಚಿನ ಅಂಕಿಗಳನ್ನು ಅಳಿಸಲು ರಬ್ಬರ್ ಕೊಟ್ಟೆ. ಅಳಿಸುವಾಗ ಅತ್ತರು.

ಆ ದಿನವೇ, ಹೊರಡುವ ಹೊತ್ತಿಗೆ, ಒಂದು ಮಾತು ಜಾರಿಬಂತು. ಮನೆಯಲ್ಲಿರುವ ಅತ್ತೆಗೆ ಕಣ್ಣು ಮಂಜಾಗಿದೆ. ರಾತ್ರಿ ಮಲಗುವ ಮುಂಚೆ, ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ "ಒಂದು ಕೀರ್ತನೆ ಓದಮ್ಮಾ" ಎಂದು ಕೇಳುತ್ತಾರೆ. ಕರುಣಾ ಹೇಳುತ್ತಿದ್ದುದು: "ತಡೆಯಿರಿ ಅತ್ತೆ, ನನ್ನ ಪಾಲಿನದು ಮುಗಿದಿಲ್ಲ." ಬಾಗಿಲ ಬಳಿ ನಿಂತವರನ್ನು ಮತ್ತೆ ಕೂರಿಸಿದೆ. ನನಗೆ ಈ ಪ್ರಕರಣದ ತಿರುಳು ಸಿಕ್ಕಿದ್ದು ಅಲ್ಲಿ. ಪಟ್ಟಿಯ ಹನ್ನೊಂದು ಸಾಲಿನಲ್ಲಿ ಮನೆಯವರ ಹೆಸರು ಒಂದೂ ಇರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಈ ವರ್ಷ ಹನ್ನೊಂದು ಬೇಡ, ಒಂದೇ ನಿರ್ಣಯ: ರಾತ್ರಿ ಅತ್ತೆಗೆ ಒಂದು ಕೀರ್ತನೆ ಗಟ್ಟಿಯಾಗಿ ಓದುವುದು. ನಿಮ್ಮ ಓದೂ ಅದೇ, ಪ್ರಾರ್ಥನೆಯೂ ಅದೇ. ಇನ್ನೂ ಹಸಿವಿದ್ದರೆ ಕಚೇರಿಯ ಬಸ್ಸಿನಲ್ಲಿ, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ ಹತ್ತು ವಚನ ಓದಿ; ಅದರಲ್ಲಿರುವುದು ಹದಿನಾರೇ ಅಧ್ಯಾಯ. ತಪ್ಪಿದ ದಿನ ತಪ್ಪಿತು, ಬರೆದಿಡಬೇಡಿ. ಸಿಟ್ಟು ಬಂದರೆ ಅದೇ ದಿನ ಆ ವ್ಯಕ್ತಿಯ ಬಳಿ ಹೋಗಿ ಕ್ಷಮೆ ಕೇಳಿ. "ಸಿಟ್ಟು ಬಿಡುವುದು" ಎಂದು ಹಾಳೆಯಲ್ಲಿ ಬರೆಯುವುದು ಸುಲಭ. ಅಡಿಗೆಮನೆಯಲ್ಲಿ ಮಗಳ ಮುಂದೆ ನಿಂತು "ನನ್ನದು ತಪ್ಪಾಯಿತು" ಎನ್ನುವುದರಲ್ಲಿ ಆತ್ಮ ಬೆಳೆಯುತ್ತದೆ ಎಂಬುದು ನನ್ನ ಅನುಭವ.

ಕರ್ತನ ಭೋಜನದ ವಿಷಯದಲ್ಲಿ ಸಭಾಪಾಲಕರನ್ನು (ಚರ್ಚಿನ ಪಾದ್ರಿಯನ್ನು) ಕಾಣಲು ಹೇಳಿದೆ. ಜೊತೆಗೆ, ಕರುಣಾರನ್ನು ಹೆದರಿಸಿದ್ದ ವಚನವನ್ನೇ ಕೂಡಿ ಓದಿದೆವು: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ, 11:28. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎನ್ನುವ, ಆ ಪತ್ರ ಬರೆದ ಪೌಲನು ಅದೇ ಉಸಿರಿನಲ್ಲಿ ರೊಟ್ಟಿಯನ್ನು ತಿನ್ನಲಿ ಎನ್ನುತ್ತಾನೆ. ಕರುಣಾ ಅಷ್ಟು ತಿಂಗಳು ಮೊದಲರ್ಧವನ್ನು ಮಾತ್ರ ಹೊತ್ತು ತಿರುಗಿದ್ದರು. ಯೇಸುವಿನ ಶಿಷ್ಯ ಪೇತ್ರನ ನೆನಪನ್ನೂ ಮಾಡಿಕೊಟ್ಟೆ. ಸಾಯಬೇಕಾದರೂ ನಿನ್ನನ್ನು ಬಿಡೆನೆಂದು ಮಾತು ಕೊಟ್ಟು, ಕೋಳಿ ಕೂಗುವ ಮುಂಚೆ ಮುರಿದವನನ್ನು ಯೇಸು ದಡದಲ್ಲಿ ಊಟಕ್ಕೆ ಕರೆದು, ಹೊಸ ಆಣೆ ಕೇಳದೆ, ಕುರಿಗಳನ್ನು ಮೇಯಿಸಲು ಹೇಳಿದನು.

ನವೆಂಬರಿನಲ್ಲಿ ಮತ್ತೆ ಬಂದರು. ಮಾರ್ಕ ಇನ್ನೂ ಏಳನೇ ಅಧ್ಯಾಯದಲ್ಲಿತ್ತು. ಕೀರ್ತನೆಗಳು ಮುಂದೆ ಸಾಗುತ್ತಿಲ್ಲ, ಅತ್ತೆ 71ನ್ನೇ ಮತ್ತೆ ಮತ್ತೆ ಕೇಳುತ್ತಾರೆ ಎಂದರು. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ ಎನ್ನುವ ವಚನ ಬಂದಾಗ ಅತ್ತೆಯೂ ದನಿಗೂಡಿಸುತ್ತಾರಂತೆ. ಆ ತಿಂಗಳ ಮೊದಲ ಭಾನುವಾರ ಇಬ್ಬರೂ ಕೈ ಹಿಡಿದುಕೊಂಡು ಕರ್ತನ ಮೇಜಿನ ಬಳಿಗೆ ಹೋಗಿದ್ದರು.