ಡಿ/ಸಿ ಅಂತ ಬರೆದಿದ್ರೆ ಎರಡೂ ಕಾರ್ಡ್ ಒಟ್ಟಿಗೆ ಬಾರಿಸೋದಾ?

ಪ್ರಶ್ನೆ: ಸರ್, ನಾನು ಕಾರವಾರದವ, ಚರ್ಚ್ ಕಾಯರಲ್ಲಿ ಕೀಬೋರ್ಡ್ ಬಾರಿಸ್ತೇನೆ. ಒಂದು ಹಾಡಿನ ಶೀಟಲ್ಲಿ ಡಿ/ಸಿ ಅಂತ ಇತ್ತು. ಗಿಟಾರಿನವ ಪೂರ್ತಿ ಸಿ ಮೇಜರ್ ಹೊಡೆದ, ನಾನು ಡಿ ಮೇಜರ್ ಹಿಡಿದೆ, ಕೇಳೋಕೇ ಆಗ್ಲಿಲ್ಲ. ಎರಡು ಕಾರ್ಡ್, ಅಂದ್ರೆ ಒಟ್ಟಿಗೆ ಬಾರಿಸೋ ಎರಡು ಸ್ವರಗುಚ್ಛ, ಕೂಡ್ಸೋದೇ ತಪ್ಪಾ?

ಉತ್ತರ: ತಪ್ಪಲ್ಲ, ಆದ್ರೆ ನಿಮ್ಮ ಶೀಟು ಕೇಳಿದ್ದು ಅದನ್ನಲ್ಲ. ಓರೆಗೆರೆ ಇದ್ರೆ ಮೇಲೆ ಡಿ ಮೇಜರ್, ಕೆಳಗೆ ಬೇಸಲ್ಲಿ ಸಿ ಅನ್ನೋ ಒಂದೇ ಒಂದು ಸ್ವರ, ಅಷ್ಟೇ. ಗಿಟಾರಿನವರೂ ಡಿ ಹಿಡೀಲಿ, ಸಿ ನಿಮ್ಮ ಎಡಗೈಗೆ ಬಿಡಿ. ಎರಡು ಪೂರ್ತಿ ಕಾರ್ಡ್ ಬೇಕಾದ್ರೆ ಒಂದರ ಕೆಳಗೆ ಇನ್ನೊಂದು ಬರೆದು ನಡುವೆ ಅಡ್ಡಗೆರೆ ಎಳೀತಾರೆ, ಅದು ಪಾಲಿಕಾರ್ಡ್.

ಆದ್ರೂ ನೀವಿಬ್ರೂ ಸೇರಿ ಬಾರಿಸಿದ್ದನ್ನ ಅಷ್ಟು ಬೇಗ ಬಿಡ್ಬೇಡಿ ಮಾರಾಯ್ರೆ, ಅದ್ರಲ್ಲಿ ಭಾಳ ಚಂದದ್ದೊಂದು ಉಂಟು. ಸಿಯನ್ನ ಷಡ್ಜ ಅಂತ ಇಟ್ಕೊಳ್ಳಿ: ಸಿ ಮೇಜರ್ ಅಂದ್ರೆ ಸ ಗ ಪ, ಡಿ ಮೇಜರ್ ಅಂದ್ರೆ ರಿ, ತೀವ್ರ ಮ, ಧ. ನಿಷಾದ ಒಂದು ಬಿಟ್ರೆ ಹಿಂದೂಸ್ತಾನಿಯ ಯಮನ್ ರಾಗದ ಎಲ್ಲಾ ಸ್ವರನೂ ಬಂತು! ನಿಮ್ಮ ಕಡೆ, ಸಿರ್ಸಿ ಕಡೆ ಹಿಂದೂಸ್ತಾನಿ ಕಲ್ತವ್ರು ಯಾರಾದ್ರೂ ಇದ್ರೆ ಕೇಳಿಸಿ ನೋಡಿ, ತಕ್ಷಣ ಗುರ್ತು ಹಿಡೀತಾರೆ.

ಹಾಗಾದ್ರೆ ಕೆಟ್ಟದಾಗಿ ಕೇಳಿದ್ದು ಯಾಕೆ? ಜಾಗದ ಸಮಸ್ಯೆ. ಗಿಟಾರಿನ ಓಪನ್ ಸಿ ಕಾರ್ಡಲ್ಲಿ ತೆಳ್ಳಗಿನ ಎರಡು ತಂತಿಲಿ ಬರೋದು ಮಿಡ್ಲ್ ಸಿ (ಕೀಬೋರ್ಡಿನ ನಡುವಿನ ಸಿ) ಮತ್ತೆ ಅದರ ಮೇಲಿನ ಇ, ನೀವು ಅಲ್ಲೇ ಡಿ ಮತ್ತೆ ಎಫ್ ಶಾರ್ಪ್ ಒತ್ತಿದ್ರೆ ಸಿ, ಡಿ, ಇ, ಎಫ್ ಶಾರ್ಪ್ ನಾಲ್ಕೂ ಒಂದಕ್ಕೊಂದು ಅಂಟ್ಕೊಂಡು ಗಿಜಿಗಿಜಿ ಆಗ್ತದೆ, ಯಾವ ಕಾರ್ಡೂ ಕಿವಿಗೆ ಬೇರೆಯಾಗಿ ಸಿಗೋದಿಲ್ಲ. ಅದೇ ಡಿ ಮೇಜರನ್ನ ಒಂದು ಸಪ್ತಕ ಮೇಲೆ ತಗೊಂಡು ಹೋಗಿ ಮೆತ್ತಗೆ ಹಿಡೀರಿ, ಗಿಟಾರಿನವರು ಒಮ್ಮೆ ಹೊಡೆದು ನಿಲ್ಲಿಸ್ಲಿ, ಎಷ್ಟು ಬೇರೆ ಅನ್ನೋದು ನಿಮಗೇ ಗೊತ್ತಾಗ್ತದೆ.

ಎಲ್ಲಾ ಜೋಡಿನೂ ಹೀಗೆ ಎರಡಾಗಿ ಕೇಳೋದಿಲ್ಲ. ಸಿ ಮೇಜರ್ ಜೊತೆ ಇ ಮೈನರ್ ಬಾರಿಸಿದ್ರೆ ಎರಡು ಸ್ವರ ಕಾಮನ್, ಹಾಗಾಗಿ ಕರಗಿ ಸಿ, ಇ, ಜಿ, ಬಿ ಇರೋ ಒಂದೇ ಕಾರ್ಡ್, ಸಿ ಮೇಜರ್ ಸೆವೆನ್, ಆಗ್ಬಿಡ್ತದೆ. ಸಿ ಜೊತೆ ಜಿ ಮೇಜರ್ ಆದ್ರೆ ಅದಕ್ಕೆ ಡಿನೂ ಸೇರಿ ಸಿ ಮೇಜರ್ ನೈನ್. ಕಾಮನ್ ಸ್ವರ ಇಲ್ದೇ ಇದ್ದಾಗ್ಲೇ ಎರಡು ಕಾರ್ಡ್ ಬೇರೆ ಬೇರೆ ನಿಲ್ಲೋದು. ಸಿ ಮೇಜರ್, ಎಫ್ ಶಾರ್ಪ್ ಮೇಜರ್ ಜೋಡಿ ಅಂತೂ ಸರಿಯಾಗಿ ಅರ್ಧ ಸಪ್ತಕ ದೂರ, ಸಿ ಪಕ್ಕ ಸಿ ಶಾರ್ಪ್, ಜಿ ಪಕ್ಕ ಎಫ್ ಶಾರ್ಪ್ ತಿಕ್ಕಾಡ್ತವೆ. ರಷ್ಯದ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿ 1911ರ ಪೆಟ್ರುಷ್ಕಾ ಬ್ಯಾಲೆಲಿ ಇದನ್ನ ಎರಡು ಕ್ಲಾರಿನೆಟ್‌ಗೆ ಕೊಟ್ಟಿದ್ದಾನೆ, ಕೇಳಿದ್ರೆ ಮೈ ಜುಂ ಅಂತದೆ. ಪ್ರಾರ್ಥನೆ ಹಾಡಿಗೆ ಮಾತ್ರ ಅದು ಬೇಡ.

ನಿಮಗೆ ನಾನು ಹೇಳೋದು ಇದು: ಎಡಗೈಲಿ ಸಿ, ಇ, ಬಿ ಫ್ಲ್ಯಾಟ್ ಹಿಡಿದು ಮೇಲೆ ಡಿ ಮೇಜರ್ ಇಡಿ. ಜಾಝ್‌ನವರು ದಿನಾ ಬಳಸೋ ಜೋಡಿ ಇದು, ಜಿ ಸೇರ್ಸಿದ್ರೆ ಕರ್ನಾಟಕಿಯ ವಾಚಸ್ಪತಿ ರಾಗದ ಏಳೂ ಸ್ವರ ಅದ್ರೊಳಗೇ ಇದೆ. ಅದಾದ್ಮೇಲೆ ಎಫ್ ಮೇಜರಿಗೆ ಹೋಗಿ, ಹಾಡು ಎಫ್ ಸ್ಕೇಲಲ್ಲಿದ್ರೆ ತುಂಬಾ ಚೆನ್ನಾಗಿ ಕೂತ್ಕೊಳ್ತದೆ.